ಎರಡನೆಯ ಡೋಸಿಗೆ ಕೊನೆಯ ದಿನ

ಡಿಗ್ರಿಯಣ್ಣ ನಿವೃತ್ತನಾಗುವ ದಿನ ಹನ್ನೆರಡಕ್ಕೆ ಭಾಷಣ, ಹನ್ನೆರಡೂಕಾಲಿಗೆ ಚಹಾ, ಮೂರಕ್ಕೆ ಹೆಂಡತಿಗೆ ಇಂಜೆಕ್ಷನ್ ಎಂದು ಗೊತ್ತಾಗಿತ್ತು. ಮೂರರಲ್ಲಿ ಅವನ ಮನಸ್ಸಿದ್ದದ್ದು ಮೂರನೆಯದರ ಮೇಲೆ ಮಾತ್ರ.

ಮೂವತ್ತೆಂಟು ವರ್ಷ ಅವನು ಒಂದೇ ಕಂಪನಿಯಲ್ಲಿ ಫ್ರಿಜ್ ಮೆಕ್ಯಾನಿಕ್ಕಾಗಿದ್ದ. ಹಾಲಿನ ಡೇರಿ, ಮಾಂಸದ ಗೋದಾಮು, ಔಷಧಿ ಅಂಗಡಿ, ಎಲ್ಲಿ ತಂಪು ಬೇಕೋ ಅಲ್ಲಿಗೆ ಅವನನ್ನು ಕಳಿಸುತ್ತಿದ್ದರು. ಯಾರಾದರೂ ‘ಫ್ರಿಜ್ ಚೆನ್ನಾಗಿ ತಣ್ಣಗಿದೆ’ ಅಂದರೆ ‘ಎಷ್ಟು ಡಿಗ್ರಿ?’ ಎಂದು ಕೇಳದೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು ಬಿತ್ತು. ಪ್ರತಿ ಯಂತ್ರದ ಪಕ್ಕದಲ್ಲೂ ಒಂದು ಹಾಳೆ ನೇತಾಡುತ್ತದೆ. ದಿನಕ್ಕೆರಡು ಸಲ ತಾಪಮಾನ ಓದಿ ಬರೆಯಬೇಕು. ಉಳಿದ ಮೆಕ್ಯಾನಿಕ್ಕುಗಳು ಸೋಮವಾರವೇ ಕೂತು ಶನಿವಾರದವರೆಗೂ ‘ಐದು, ಐದು, ಐದು’ ಎಂದು ತುಂಬಿಸಿ ಕೈತೊಳೆದುಕೊಳ್ಳುತ್ತಿದ್ದರು. ಡಿಗ್ರಿಯಣ್ಣ ಓದದ ಅಂಕಿಯನ್ನು ಬರೆದವನಲ್ಲ. ಇದರಿಂದ ಅವನಿಗೆ ಬಡ್ತಿಯೇನೂ ಸಿಗಲಿಲ್ಲ. ಬೆರಳ ತುದಿಗಳು ಮಾತ್ರ ಬಿರುಕುಬಿಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬಟ್ಟೆ ಯಾವುದು ಗುಂಡಿ ಯಾವುದು ಎಂದು ತಿಳಿಯದಷ್ಟು ಮರಗಟ್ಟಿದ್ದವು. ಇನ್ನು ಮೇಲೆ ತಣ್ಣನೆಯ ಕೋಣೆಯೊಳಗೆ ಕಾಲಿಡುವುದಿಲ್ಲ ಎಂಬುದೊಂದೇ ಅವನ ನಿವೃತ್ತಿ ಯೋಜನೆ.

ಇಂಜೆಕ್ಷನ್ನಿನ ಕತೆ ಶುರುವಾದದ್ದು ಅತ್ತೆಯಿಂದ.

ಅತ್ತೆ ಎಂದರೆ ಹೆಂಡತಿಯ ತಾಯಿ, ಎಂಬತ್ತಮೂರು ವರ್ಷ, ಇವರ ಜೊತೆಯಲ್ಲೇ ಇರುವವರು. ಮೂರು ವರ್ಷದ ಹಿಂದೆ ಅವರಿಗೆ ಸರ್ಪಸುತ್ತು ಎದ್ದಿತು. ಬೆನ್ನುಮೂಳೆಯಿಂದ ಹಿಡಿದು ಎದೆಯ ಕೆಳಗಿನವರೆಗೆ ಬಲಗಡೆ ಒಂದು ಪಟ್ಟಿ, ಯಾರೋ ಸ್ಕೇಲಿಟ್ಟು ಎಳೆದಂತೆ. ಗುಳ್ಳೆಗಳು ಮೂರು ವಾರದಲ್ಲಿ ಒಣಗಿದವು. ನೋವು ಒಣಗಲಿಲ್ಲ. ಬಟ್ಟೆ ತಾಗಿದರೆ ಉರಿ, ಗಾಳಿ ತಾಗಿದರೆ ಉರಿ. ಅತ್ತೆ ಎರಡು ಬೆರಳಲ್ಲಿ ಮೈಮೇಲಿನ ಬಟ್ಟೆಯನ್ನು ಚರ್ಮದಿಂದ ದೂರ ಹಿಡಿದುಕೊಂಡೇ ಉಣ್ಣುತ್ತಾರೆ, ಹಾಗೇ ಪೇಪರು ಓದುತ್ತಾರೆ, ಹಾಗೇ ಜಗಳವಾಡುತ್ತಾರೆ. ಊರಿಗೆಲ್ಲ ತಂಪು ಮಾಡಿಕೊಡುವವನ ಮನೆಯಲ್ಲಿ ಫ್ಯಾನು ತಿರುಗಿ ಮೂರು ವರ್ಷವಾಗಿತ್ತು.

ಅತ್ತೆಗೆ ಔಷಧಿ ಬರೆದ ಡಾಕ್ಟರು ಮಗಳನ್ನೂ ಒಮ್ಮೆ ಕಣ್ಣೆತ್ತಿ ನೋಡಿದ್ದರು. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದು ಹೋದವರ ನರಗಳ ಬುಡದಲ್ಲಿ ಆ ವೈರಸ್ಸು ಹೋಗದೆ ಮಲಗಿಕೊಂಡಿರುತ್ತದೆ, ಐವತ್ತು ದಾಟಿದ ಮೇಲೆ ಯಾವಾಗ ಬೇಕಾದರೂ ಏಳಬಹುದು, ಏಳದಂತೆ ತಡೆಯಲು ಲಸಿಕೆ ಇದೆ. ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ಇಷ್ಟು ಹೇಳಿ ಡಾಕ್ಟರು ಬೆಲೆಯನ್ನು ಬಾಯಲ್ಲಿ ಹೇಳದೆ ಚೀಟಿಯ ಮೇಲೆ ಬರೆದುಕೊಟ್ಟಿದ್ದರು. ಒಂದು ಡೋಸಿಗೆ ಡಿಗ್ರಿಯಣ್ಣನ ತಿಂಗಳ ಸಂಬಳದ ಮುಕ್ಕಾಲು ಪಾಲು.

ಅವನು ಕಂಪನಿಯ ವಿಮೆಯ ಪುಸ್ತಕವನ್ನು ಕ್ಯಾಂಟೀನಿನಲ್ಲಿ ಕೂತು ಮೊದಲ ಪುಟದಿಂದ ಓದಿದ. ಅದನ್ನು ಹಾಗೆ ಓದಿದ ಮೊದಲ ನೌಕರ ಅವನೇ ಇರಬೇಕು; ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಮೂವತ್ತೊಂದನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು: ಐವತ್ತು ದಾಟಿದ್ದರೆ, ಮುಂಚಿತವಾಗಿ ಮಂಜೂರಾತಿ ಪಡೆದಿದ್ದರೆ, ಪಟ್ಟಿಯಲ್ಲಿರುವ ಔಷಧಿ ಅಂಗಡಿಯಲ್ಲೇ ಹಾಕಿಸಿಕೊಂಡರೆ, ಒಂದು ಕುಟುಂಬದಲ್ಲಿ ಒಬ್ಬರಿಗೆ ಪೂರ್ತಿ ಖರ್ಚು.

“ಒಬ್ಬರಿಗೆ ಅಂದ್ರೆ ನೀವೇ ಹಾಕಿಸ್ಕೊಳ್ಳಿ,” ಅಂದಳು ಹೆಂಡತಿ. ಅವಳು ಮನೆಯಲ್ಲೇ ಹೊಲಿಗೆ ಹೊಲಿಯುವವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ವಾದ ಮಾಡುವುದು ರೂಢಿ.

“ನಂಗ್ಯಾಕೆ? ನಂಗೆ ಚಿಕನ್‌ಪಾಕ್ಸ್ ಬಂದೇ ಇಲ್ಲ.”

“ಹಣೆ ಮೇಲಿರೋ ಗುಂಡಿ ಏನ್ರೀ ಮತ್ತೆ?”

“ವೆಲ್ಡಿಂಗ್ ಕಿಡಿ.”

“ಮದ್ವೆ ಫೋಟೋದಲ್ಲೂ ಇದೆ. ಕಿಡಿ ಆಗ್ಲೇ ಹಾರಿತ್ತಾ?”

“ಮೊದಲಿಂದ್ಲೂ ಹಾರ್ತಾನೇ ಇತ್ತು,” ಅಂದ ಡಿಗ್ರಿಯಣ್ಣ. ಓದದ ಅಂಕಿಯನ್ನು ಬರೆಯದವನು ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಕಂಡು ಅವಳಿಗೆ ಏನನ್ನಿಸಿತೋ, ಪಿನ್ನು ಬಾಯಿಂದ ತೆಗೆದು ಬಟ್ಟೆಗೆ ಚುಚ್ಚಿದಳು.

ಮೊದಲ ಡೋಸಿಗೆ ಮೂರು ಅರ್ಜಿ ಬೇಕಾಯಿತು. ಒಂದನೆಯದು, ವಯಸ್ಸಿನ ದಾಖಲೆ ಮಸುಕಾಗಿದೆ ಎಂದು ವಾಪಸ್ಸು ಬಂತು. ಎರಡನೆಯದು, ರೋಗಿಗೆ ಸದರಿ ಕಾಯಿಲೆ ಇರುವ ಬಗ್ಗೆ ಪುರಾವೆ ಇಲ್ಲ ಎಂದು ಬಂತು. ಕಾಯಿಲೆ ಬಾರದಿರಲಿ ಎಂದೇ ಲಸಿಕೆ ಎಂದು ಅವನು ನಾಲ್ಕು ಪುಟ ಬರೆದು, ಒಂದು ನರದ ಚಿತ್ರವನ್ನೂ ಬಿಡಿಸಿ ಕಳಿಸಿದ. ಮಂಜೂರಾಯಿತು. ಆದರೆ ಆ ಹೊತ್ತಿಗೆ ಕ್ಯಾಲೆಂಡರು ಅವನ ಕೈ ಮೀರಿತ್ತು. ಮೊದಲ ಡೋಸಿಗೆ ಎರಡು ತಿಂಗಳು ತುಂಬುವುದು ನಿವೃತ್ತಿಗೆ ನಾಲ್ಕು ದಿನ ಮುಂಚೆ. ನೌಕರಿ ಮುಗಿದ ದಿನ ವಿಮೆಯೂ ಮುಗಿಯುತ್ತದೆ. ಎರಡನೆಯ ಡೋಸಿನ ಮಂಜೂರಾತಿ ಬಂದದ್ದು ಕೊನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ. ಅಂಗಡಿಯಲ್ಲಿ ಇವರಿಗೆಂದು ಎತ್ತಿಟ್ಟಿದ್ದ ಡಬ್ಬಿಯ ನಂಬರು ಸಹ ಅದರಲ್ಲಿ ನಮೂದಾಗಿತ್ತು.

ಹನ್ನೆರಡಕ್ಕೆ ಮ್ಯಾನೇಜರು ಭಾಷಣ ಮಾಡಿದ. ಮೂವತ್ತೈದರ ಹುಡುಗು ಮುಖದವನು. ಡಿಗ್ರಿಯಣ್ಣನಂಥವರು ಸಿಗುವುದು ಅಪರೂಪ ಎಂದ, ಅವರ ಜಾಗಕ್ಕೆ ಬರುವವನು ಈಗಾಗಲೇ ಸಿಕ್ಕಿದ್ದಾನೆ ಎಂದ. ಸಹೋದ್ಯೋಗಿಗಳೆಲ್ಲ ಸೇರಿ ಒಂದು ರೂಮ್ ಹೀಟರ್ ಕೊಟ್ಟರು. ಡಿಗ್ರಿಯಣ್ಣ ಅದನ್ನು ಸ್ಟೋರಿನಲ್ಲೇ ಬಿಟ್ಟು, ಚಹಾ ಅರ್ಧ ಕುಡಿದು, ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಹೋದ.

ಔಷಧಿ ಅಂಗಡಿಯ ಒಡತಿ ಅವನಿಗೆ ಹೊಸಬಳಲ್ಲ. ಐದು ವಾರದ ಹಿಂದೆ ಅವಳ ಫ್ರಿಜ್ಜಿನ ಬಾಗಿಲಿನ ರಬ್ಬರು ಬದಲಿಸಲು ಅವನೇ ಹೋಗಿದ್ದ. ಕೆಲಸ ಮುಗಿದ ಮೇಲೆ, ಕೇಳದಿದ್ದರೂ, ಔಷಧಿ ಫ್ರಿಜ್ಜಿನ ಬಗ್ಗೆ ತಾನು ಎಲ್ಲರಿಗೂ ಕೊಡುವ ಉಪನ್ಯಾಸವನ್ನು ಅವಳಿಗೂ ಕೊಟ್ಟಿದ್ದ. ಲಸಿಕೆಗೆ ಎರಡರಿಂದ ಎಂಟು ಡಿಗ್ರಿ. ಬಾಗಿಲ ಹತ್ತಿರ ಎಲ್ಲಕ್ಕಿಂತ ಬಿಸಿ. ಬೆಲೆಬಾಳುವುದನ್ನು ಅಲ್ಲಿಡಬೇಡಿ, ಬಾಗಿಲಿಂದ ದೂರ ಇಡಿ. ಅವಳು ತಲೆದೂಗಿ ಚೀಟಿಯಲ್ಲಿ ಬರೆದುಕೊಂಡಿದ್ದಳು. ಉಪನ್ಯಾಸದ ಉತ್ತರಾರ್ಧ ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ವಿಮೆ ಕಚೇರಿಯಿಂದ ಫೋನು ಬಂತು. ಅವನು ಬೀದಿಗೆ ಓಡಿ ಮುಕ್ಕಾಲು ಗಂಟೆ ಮಾತಾಡಿ, ಹಾಗೇ ಮನೆಗೆ ಹೋಗಿಬಿಟ್ಟಿದ್ದ.

ಈಗ ಅಂಗಡಿಯ ಒಳಕೋಣೆಯಲ್ಲಿ ಹೆಂಡತಿ ಸ್ಟೂಲಿನ ಮೇಲೆ ಕೂತು ಎಡತೋಳಿನ ಬಟ್ಟೆ ಮೇಲೆ ಮಡಚಿದಳು. ಫ್ರಿಜ್ಜಿನ ಹಾಳೆಯ ಮೇಲೆ ಅವನು ಕಣ್ಣಾಡಿಸಿದ: ನಾಲ್ಕೂವರೆ, ಐದು, ನಾಲ್ಕು ಮುಕ್ಕಾಲು. ಬೇರೆ ಬೇರೆ ಅಂಕಿಗಳಿದ್ದವು, ಅಂದರೆ ನಿಜವಾಗಿ ಓದಿ ಬರೆದದ್ದು. ಅವನಿಗೆ ಸಂತೋಷವಾಯಿತು.

“ನಿಮ್ದು ಬೇರೆಯವರ ಕೈಗೆ ಸಿಗಬಾರ್ದು ಅಂತ ತುಂಬಾ ಜೋಪಾನವಾಗಿ ಇಟ್ಟಿದೀನಿ ಸಾರ್,” ಅನ್ನುತ್ತ ಒಡತಿ ಭುಜದವರೆಗೂ ಕೈ ಹಾಕಿ, ಎಲ್ಲ ಔಷಧಿಗಳನ್ನೂ ದಾಟಿ, ಫ್ರಿಜ್ಜಿನ ಕಟ್ಟಕಡೆಯಿಂದ ಒಂದು ಡಬ್ಬಿ ಎಳೆದಳು. ‘ಟಪ್’ ಎಂದು ಸಣ್ಣ ಸದ್ದಾಯಿತು.

ಆ ಸದ್ದು ಅವಳಿಗೆ ಕೇಳಿಸಲಿಲ್ಲ, ಹೆಂಡತಿಗೂ ಕೇಳಿಸಲಿಲ್ಲ. ಡಿಗ್ರಿಯಣ್ಣನಿಗೆ ಕೇಳಿಸಿತು. ಹಿಂದಿನ ತಗಡಿಗೆ ಹೆಪ್ಪುಗಟ್ಟಿ ಅಂಟಿದ್ದ ರಟ್ಟು ಬಿಟ್ಟುಬರುವ ಸದ್ದು ಅದು. ಉಪನ್ಯಾಸದ ಉತ್ತರಾರ್ಧ ಇಷ್ಟೇ ಇತ್ತು: ತೀರಾ ಹಿಂದಕ್ಕೂ ಇಡಬೇಡಿ, ಅಲ್ಲಿ ತಂಪು ಹುಟ್ಟುವ ತಗಡಿದೆ, ತಾಗಿದ್ದು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಲಸಿಕೆ ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಇದ್ದರೂ ಕೆಲಸಕ್ಕೆ ಬಾರದು.

ಸುಮ್ಮನಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ವಿಮೆಯವರು ದುಡ್ಡು ಕಟ್ಟುತ್ತಿದ್ದರು, ಹೆಂಡತಿ ತೋಳು ಉಜ್ಜಿಕೊಳ್ಳುತ್ತಿದ್ದಳು. ಅವನೊಬ್ಬ ಮಾತ್ರ ಉಳಿದ ಆಯುಷ್ಯವೆಲ್ಲ ಅವಳ ಬಲಪಕ್ಕೆಯನ್ನು ನೋಡುತ್ತ ಕೂರಬೇಕಾಗಿತ್ತು.

“ಒಂದ್ನಿಮಿಷ,” ಅಂದ.

“ಏನ್ರೀ ನಿಮ್ದು?” ಅಂದಳು ಹೆಂಡತಿ. “ಚುಚ್ಚಿಸ್ಕೊಳ್ಳೋಳು ನಾನು, ಬೆವರ್ತಿರೋರು ನೀವು.”

ಅವನು ಚೀಲದಿಂದ ತನ್ನ ಥರ್ಮಾಮೀಟರ್ ತೆಗೆದ. ಯಾವ ಅಳತೆಗೂ ಮೊದಲು ಅದನ್ನು ಪುಡಿ ಐಸಿನ ನೀರಲ್ಲಿ ಅದ್ದಿ ಸೊನ್ನೆ ತೋರಿಸುತ್ತದೋ ಇಲ್ಲವೋ ನೋಡುವುದು ಅವನ ಪದ್ಧತಿ. ಪಕ್ಕದ ಜ್ಯೂಸ್ ಅಂಗಡಿಯಿಂದ ಒಂದು ಲೋಟ ಐಸು ತಂದ. ಕುಟ್ಟಿದ, ನೀರು ಹಾಕಿದ, ಕಲಕಿದ, ಕಾದ. ಹೆಂಡತಿ ಕೈ ಇಳಿಸಿದಳು. ಸೊನ್ನೆ ಬಂತು. ಆಮೇಲೆ ಥರ್ಮಾಮೀಟರನ್ನು ಡಬ್ಬಿ ಇದ್ದ ಜಾಗದಲ್ಲಿಟ್ಟು ಬಾಗಿಲು ಮುಚ್ಚಿ ಹತ್ತು ನಿಮಿಷ ಗೋಡೆ ನೋಡುತ್ತ ನಿಂತ. ಮೈನಸ್ ಒಂದು ಪಾಯಿಂಟ್ ನಾಲ್ಕು. ನಡುವಿನ ಶೆಲ್ಫಿನಲ್ಲಿ ನಾಲ್ಕೂವರೆ. ಹಾಳೆಗೆ ಹೋಗುತ್ತಿದ್ದದ್ದು ಆ ಅಂಕಿ.

ಒಡತಿಯ ಮುಖ ಬಿಳಿಚಿತು. “ಬಾಗಿಲಿಂದ ದೂರ ಇಡಿ ಅಂತ ನೀವೇ ಹೇಳಿದ್ರಲ್ಲ ಸಾರ್. ಇದಕ್ಕಿಂತ ದೂರ ಇಡಬೇಕು ಅಂದ್ರೆ ಗೋಡೆ ಒಡೀಬೇಕಿತ್ತು.”

“ನಾನೇ ಹೇಳಿದ್ದು. ಅರ್ಧ ಹೇಳ್ದೆ,” ಅಂದ ಡಿಗ್ರಿಯಣ್ಣ. “ತಪ್ಪು ನಂದು.”

ಅವಳು ಲಸಿಕೆ ತಯಾರಿಸುವವರಿಗೆ ಫೋನು ಮಾಡಿ ಡಬ್ಬಿಯ ನಂಬರು ಓದಿ ಕೇಳಿದಳು. ಹೆಪ್ಪುಗಟ್ಟಿರುವ ಸಾಧ್ಯತೆ ಇದ್ದರೆ ಬಳಸಕೂಡದು, ಬಿಸಾಡಿ ಎಂದರು. ನಡುವಿನ ಶೆಲ್ಫಿನಲ್ಲಿ ಅದೇ ಲಸಿಕೆಯ ಇನ್ನೊಂದು ಡಬ್ಬಿ ತಣ್ಣಗೆ ಕೂತಿತ್ತು, ನಾಲ್ಕೂವರೆ ಡಿಗ್ರಿಯಲ್ಲಿ. ಡಿಗ್ರಿಯಣ್ಣ ಅದನ್ನು ನೋಡುತ್ತಲೇ ವಿಮೆ ಕಚೇರಿಗೆ ಫೋನು ಹಚ್ಚಿದ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಆಮೇಲೆ ಒಂದು ಹೆಣ್ಣುದನಿ ಬಂತು.

“ಹೇಳಿ ಸಾರ್.”

ಅವನು ಹೇಳಿದ. ತಗಡಿನಿಂದ ಶುರುಮಾಡಿದ.

“ಅಂದ್ರೆ ಮಂಜೂರಾದ ಡಬ್ಬಿ ಬೇಡ ಅಂತೀರಾ?”

“ಅದು ಕೆಟ್ಟಿದೆ ತಾಯಿ. ಇನ್ನೊಂದಿದೆ. ಅದೇ ಔಷಧಿ, ಅದೇ ಬೆಲೆ.”

“ನಂಬರ್ ಬೇರೆ ಇದೆಯಲ್ಲ ಸಾರ್. ಹಳೇ ಮಂಜೂರಾತಿ ರದ್ದು ಮಾಡಿ ಹೊಸದಕ್ಕೆ ಹಾಕ್ಬೇಕು. ಎರಡು ಕೆಲಸದ ದಿನ ಆಗುತ್ತೆ.”

“ನನ್ನ ಪಾಲಿಸಿ ಇವತ್ತಿಗೆ ಮುಗಿಯುತ್ತೆ.”

“ಹಾಗಾದ್ರೆ ಮಂಜೂರಾಗಿರೋದನ್ನೇ ಹಾಕಿಸ್ಕೊಳ್ಳಿ ಸಾರ್. ಅದಕ್ಕೆ ಪೂರ್ತಿ ಕವರೇಜ್ ಇದೆ.”

“ಅದು ಕೆಲಸ ಮಾಡಲ್ಲ.”

“ಅದು ನಮ್ಮ ವಿಭಾಗಕ್ಕೆ ಬರಲ್ಲ ಸಾರ್. ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಾ?”

ಡಿಗ್ರಿಯಣ್ಣ ಒಂದು ಕ್ಷಣ ಯೋಚಿಸಿ “ಮೂರು” ಅಂದ. ಹುಡುಗಿ ಒಳ್ಳೆಯ ಮಾತಿನವಳೇ ಆಗಿದ್ದಳು.

ಫೋನು ಇಟ್ಟ ಮೇಲೆ ಒಡತಿ ಗಂಟಲು ಸರಿಮಾಡಿಕೊಂಡಳು. “ಸಾರ್, ಒಂದು ಮಾತು. ಒಳ್ಳೆ ಡಬ್ಬಿದು ಕೊಡ್ತೀನಿ, ಹಳೇ ನಂಬರ್ ಬರೀತೀನಿ. ಇದು ನಾಳೆ ಬರೋ ಪೋಸ್ಟ್ ಮಾಸ್ಟರ್‌ಗೆ ಅಂತ ಇಟ್ಟಿದ್ದು. ಅವ್ರು ಕೈಯಿಂದ ದುಡ್ಡು ಕೊಡೋರು, ಬೇರೆ ತರಿಸ್ಕೊಡ್ತೀನಿ. ಯಾರಿಗೂ ನಷ್ಟ ಇಲ್ಲ.”

ಮಾತು ಸರಿಯಾಗಿಯೇ ಇತ್ತು. ಅವನು ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ. ಆಮೇಲೆ ಶುರುಮಾಡಿದ: ಹೆಪ್ಪುಗಟ್ಟಿದ ಡಬ್ಬಿಯ ನಂಬರು ತಯಾರಕರ ಬಳಿ ‘ಬಿಸಾಡಿದ್ದು’ ಎಂದು ದಾಖಲಾಗಿದೆ, ಅದೇ ನಂಬರು ಇವಳ ಮೈಗೆ ಹೋಗಿದೆ ಎಂದು ಇಲ್ಲಿ ದಾಖಲಾಗುತ್ತದೆ, ನಾಳೆ ಯಾರಾದರೂ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ ಒಂದೋ ಇವಳಿಗೆ ಕೆಟ್ಟ ಲಸಿಕೆ ಚುಚ್ಚಿದ್ದೀರಿ, ಇಲ್ಲವೋ ನೀವು ಸುಳ್ಳು ಬರೆದಿದ್ದೀರಿ, ಮೊದಲನೆಯದಾದರೆ ಮತ್ತೆ ಚುಚ್ಚಬೇಕು, ಎರಡನೆಯದಾದರೆ ನಿಮ್ಮ ಲೈಸೆನ್ಸು—

“ಬೇಡ ಅಂದ್ರೆ ಸಾಕಿತ್ತು ಕಣ್ರೀ,” ಅಂದಳು ಹೆಂಡತಿ.

“ಬೇಡ,” ಅಂದ ಅವನು.

“ಹಾಳಾಗಿ ಹೋಗ್ಲಿ, ನನ್ನ ಹೊಲಿಗೆ ದುಡ್ಡಿದೆ. ಆರು ತಿಂಗಳ ತನಕ ಟೈಮಿದೆ ಅಂತ ನೀವೇ ಹೇಳ್ತಿದ್ರಿ. ನಿಧಾನಕ್ಕೆ ಕೂಡಿಸಿ ಹಾಕಿಸ್ಕೊಂಡ್ರಾಯ್ತು.”

“ಆ ದುಡ್ಡು ನಿನ್ನ ಕಣ್ಣಿನ ಆಪರೇಷನ್ನಿಗೆ.”

“ಇನ್ನೂ ಕಾಣುತ್ತೆ.”

“ಹೋದ ವಾರ ನೀನು ನನ್ನ ಪ್ಯಾಂಟಿನ ಎರಡೂ ಕಾಲು ಸೇರಿಸಿ ಹೊಲಿದಿದ್ದೆ.”

ಹೆಂಡತಿ ಮಡಚಿದ ಬಟ್ಟೆಯನ್ನು ಪೂರ್ತಿ ಇಳಿಸಿ, ಗುಂಡಿ ಹಾಕಿಕೊಂಡು, ಬೀದಿಯ ಕಡೆ ನೋಡುತ್ತ ಕೂತಳು. ಮೂರು ವರ್ಷದಿಂದ ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದವಳು ಅವಳು. ಪ್ರತಿ ಸಲವೂ ನೀರನ್ನು ಎಡಗಡೆಯಿಂದ ಮಾತ್ರ ಹಾಕುತ್ತಿದ್ದಳು. ಲಸಿಕೆ ತನಗೆ ಬೇಡವೇ ಬೇಡ ಎಂದು ಇಷ್ಟು ದಿನ ಹೇಳಿದವಳ ಮುಖ ಅವನಿಗೆ ಆಗ ಕಂಡಿತು. ಬೇಡ ಎಂದವರ ಮುಖವಾಗಿರಲಿಲ್ಲ ಅದು.

ಗಡಿಯಾರ ನೋಡಿದ. ನಾಲ್ಕೂಕಾಲು. ಕಚೇರಿ ಐದಕ್ಕೆ ಮುಚ್ಚುತ್ತದೆ.

“ನೀನು ಮನೆಗೆ ನಡಿ,” ಅಂದ. “ನಾನು ರಿಟೈರ್ ಆಗೋದನ್ನ ಒಂಚೂರು ನಿಲ್ಲಿಸಿ ಬರ್ತೀನಿ.”

ಮ್ಯಾನೇಜರು ಮೇಜು ಒರೆಸಿ ಹೊರಡುವ ತಯಾರಿಯಲ್ಲಿದ್ದ. ಡಿಗ್ರಿಯಣ್ಣನನ್ನು ಕಂಡು, “ಹೀಟರ್ ಮರ್ತು ಹೋಗಿದ್ರಿ ಅಲ್ವಾ,” ಅಂದ.

“ಇನ್ನೊಂದು ತಿಂಗಳು ಕೆಲಸ ಬೇಕು ಸಾರ್.”

“ಯಾರಿಗೆ?”

“ನಂಗೆ.”

ಮ್ಯಾನೇಜರು ಕೂತ. “ಡಿಗ್ರಿಯಣ್ಣ, ನಾನು ಭಾಷಣ ಮಾಡ್ಬಿಟ್ಟಿದೀನಿ.”

“ಚೆನ್ನಾಗಿತ್ತು. ಮುಂದಿನ ತಿಂಗಳು ಇನ್ನೊಂದ್ಸಲ ಮಾಡಿ.”

ಕಾರಣ ಕೇಳಿ ಮ್ಯಾನೇಜರು ತಲೆ ಕೆರೆದುಕೊಂಡ. ನಿವೃತ್ತಿಯನ್ನು ಹಿಂತೆಗೆದುಕೊಳ್ಳುವ ಫಾರಂ ಇರಲಿಲ್ಲ. ಬಾಕಿ ಕೆಲಸದ ನಿಮಿತ್ತ ಸೇವೆ ಮುಂದುವರಿಸುವ ಫಾರಂ ಇತ್ತು. ಅದು ಕೊನೆಯ ದಿನ ಐದರೊಳಗೆ ಸಹಿ ಆಗಬೇಕು. ಬಾಕಿ ಕೆಲಸ ಎಂಬಲ್ಲಿ ಡಿಗ್ರಿಯಣ್ಣ ‘ಹೆಂಡತಿಯ ಎರಡನೆಯ ಡೋಸು’ ಎಂದು ಬರೆದ.

“ಇದನ್ನ ಬರೆಯೋ ಹಾಗಿಲ್ಲ. ಕಂಪನಿಯ ಕೆಲಸ ಏನಾದ್ರೂ ಬಾಕಿ ಇದ್ಯಾ, ನಿಜವಾಗ್ಲೂ?”

“ನಿಜವಾಗ್ಲೂ?” ಡಿಗ್ರಿಯಣ್ಣ ಹಾಳೆ ತಿರುಗಿಸಿದ. ಮೂರನೆಯ ಕೋಣೆಯ ಬಾಗಿಲು ಹಿಮ ಕಟ್ಟಿ ಕಚ್ಚುತ್ತಿರುವುದು, ಡೇರಿಯ ಕಂಪ್ರೆಸರಿನ ಬೇರಿಂಗಿನ ಸದ್ದು, ಮಾಂಸದ ಗೋದಾಮಿನ ನಾಲ್ಕು ಫ್ಯಾನುಗಳಲ್ಲಿ ಒಂದು ಹಿಮ್ಮುಖ ತಿರುಗುತ್ತಿರುವುದು. ಹೊಸಬನಿಗೆ ಹೇಳಬೇಕೆಂದು ಮನಸ್ಸಲ್ಲಿಟ್ಟುಕೊಂಡಿದ್ದನ್ನೆಲ್ಲ ಬರೆದಾಗ ಹದಿನೇಳು ಕೆಲಸಗಳಾದವು. ಅದನ್ನು ಓದುತ್ತ ಮ್ಯಾನೇಜರಿನ ಮುಖ ಇಳಿಯಿತು.

“ಇದೆಲ್ಲ ಇತ್ತಾ? ನಾನು ಎಲ್ಲಾ ಸರಿಯಾಗಿದೆ ಅಂತ ಮೇಲಿನೋರಿಗೆ ಬರೆದಿದೀನಿ.”

“ನೀವು ಹಾಳೆ ನೋಡಿ ಬರೆದಿದೀರಿ ಸಾರ್.”

ಮ್ಯಾನೇಜರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಐದಕ್ಕೆ ಎಂಟು ನಿಮಿಷವಿದ್ದಾಗ ಹೇಳಿದ: “ಒಂದು ತಿಂಗಳು. ಆದ್ರೆ ಮೈನಸ್ ಹದಿನೆಂಟರ ಮಾಂಸದ ಗೋದಾಮಿಗೆ ಹೋಗ್ಬೇಕು. ಹೊಸಬ ಮೊನ್ನೆ ಒಳಗೆ ಹೋಗಿ ನೋಡಿ, ಕೆಲಸ ಬೇರೆ ನೋಡ್ಕೋತೀನಿ ಅಂದ. ಅದನ್ನ ಭಾಷಣದಲ್ಲಿ ಹೇಳಕ್ಕಾಗಲಿಲ್ಲ. ರಜಾ ಒಂದೂ ಇಲ್ಲ. ನಿಮ್ಮ ರಜಾ ಎಲ್ಲಾ ಲೆಕ್ಕ ಚುಕ್ತಾ ಆಗಿದೆ.”

ಡಿಗ್ರಿಯಣ್ಣ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡ. ಸಹಿ ಹಾಕಿದ.

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದು, “ಏನಾಯ್ತು?” ಅಂದಳು.

“ರಿಟೈರ್ ಆಗಿಲ್ಲ.”

ಒಳಗಿಂದ ಅತ್ತೆಯ ದನಿ ಬಂತು. “ಏನಂತೆ ಅಳಿಯಂದ್ರದ್ದು?”

“ಇನ್ನೊಂದು ತಿಂಗಳು ಹೋಗ್ತಾರಂತಮ್ಮ.”

“ಒಳ್ಳೇದಾಯ್ತು,” ಅಂದರು ಅತ್ತೆ, ಬಟ್ಟೆಯನ್ನು ಬೆರಳಲ್ಲಿ ಹಿಡಿದುಕೊಂಡೇ. “ನಾಳೆಯಿಂದ ದಿನವಿಡೀ ಮನೇಲಿ ಕೂತು ನನ್ನ ಜ್ವರ ನೋಡ್ತಾರೇನೋ ಅಂತ ಹೆದರ್ಕೊಂಡಿದ್ದೆ.”

ಹೆಂಡತಿ ನಗಲಿಲ್ಲ. “ಎಲ್ಲಿಗೆ ಹಾಕಿದ್ರು?” ಅಂದಳು.

“ಇಲ್ಲೇ, ಗೋದಾಮು.”

“ಯಾವ ಗೋದಾಮು? ಎಷ್ಟು ಡಿಗ್ರಿ?”

ಹೇಳಿದ. ಅವಳು ಅಡುಗೆಮನೆಗೆ ಹೋಗಿ, ಬಾಣಲೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒಲೆಯ ಮೇಲಿಟ್ಟಳು. ಆ ರಾತ್ರಿ ಊಟವಾದ ಮೇಲೆ ಅವನ ಹಳೆಯ ಕೈಗವಸುಗಳ ಒಳಗೆ ದಪ್ಪ ಬಟ್ಟೆಯ ಅಸ್ತರಿ ಕೊಟ್ಟು ಹೊಲಿದಳು. ಬಲಗೈಯದರಲ್ಲಿ ಎರಡು ಬೆರಳು ಸೇರಿಹೋದವು. ಅವನು ಬಿಚ್ಚು ಅನ್ನಲಿಲ್ಲ.

ಔಷಧಿ ಅಂಗಡಿಯ ಒಡತಿಗೆ ಬಿಸಾಡಿದ ಡೋಸಿನ ನಷ್ಟ ತುಂಬಿಕೊಡುವಷ್ಟು ಅವನಲ್ಲಿರಲಿಲ್ಲ. ಫ್ರಿಜ್ಜು ಬಾಳುವವರೆಗೆ ಅದರ ರಿಪೇರಿ ತನ್ನದು ಎಂದ. ಅವಳು ಒಪ್ಪಿದಳು. ಪೋಸ್ಟ್ ಮಾಸ್ಟರು ತಮ್ಮ ಡೋಸನ್ನು ನಾಲ್ಕೂವರೆ ಡಿಗ್ರಿಯಿಂದಲೇ ಪಡೆದು ಹೋದರು, ಏನೂ ತಿಳಿಯದೆ. ಹೊಸ ಡಬ್ಬಿ ಬಂತು, ಹೊಸ ಅರ್ಜಿ ಹೋಯಿತು. ಎರಡು ಕೆಲಸದ ದಿನ ಐದಾದವು. ನಡುವೆ ಒಮ್ಮೆ ವಿಮೆಯವರು, ‘ನಿವೃತ್ತರಾದವರು ನಿವೃತ್ತರಾಗದ ಬಗ್ಗೆ ಪತ್ರ’ ಕೇಳಿದರು. ಮ್ಯಾನೇಜರು ಬರೆದುಕೊಟ್ಟ. ಮಂಜೂರಾಯಿತು.

ಇಂಜೆಕ್ಷನ್ನಿನ ದಿನ ಡಿಗ್ರಿಯಣ್ಣನಿಗೆ ರಜೆ ಇರಲಿಲ್ಲ. ಹೆಂಡತಿ ಒಬ್ಬಳೇ ಹೋದಳು. ನಾಲ್ಕು ಗಂಟೆಗೆ ಅವನು ಗೋದಾಮಿನೊಳಗೆ ಏಣಿಯ ಮೇಲೆ ನಿಂತು ಹಿಮ್ಮುಖ ತಿರುಗುವ ಫ್ಯಾನಿನ ತಂತಿ ಬಿಚ್ಚುತ್ತಿದ್ದಾಗ ಜೇಬಲ್ಲಿ ಫೋನು ಅದುರಿತು. ಕೈಗವಸು ತೆಗೆದು ಗುಂಡಿ ಒತ್ತುವಷ್ಟರಲ್ಲಿ ನಿಂತುಹೋಯಿತು. ಏಣಿ ಇಳಿದು, ಬಾಗಿಲಿನ ಹೊರಗೆ ಬಂದು, ತಾನೇ ಮಾಡಿದ.

“ಆಯ್ತು,” ಅಂದಳು.

“ಡಬ್ಬಿ ಎಲ್ಲಿಂದ ತೆಗೆದ್ರು?”

“ಮಧ್ಯದಿಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಸದ್ದು ಬರ್ಲಿಲ್ಲ.”

ಅವನು ಗೋಡೆಗೆ ಒರಗಿದ. ಮಾತಾಡಲು ತುಟಿ ಸರಿಯಾಗಿ ತಿರುಗುತ್ತಿರಲಿಲ್ಲ, ಚಳಿಗೆ ಇರಬೇಕು. “ನೋವಾಯ್ತಾ?” ಅಂದ.

“ಚುಚ್ಚುವಾಗ ಇಲ್ಲ. ಈಗ ತೋಳು ಕಲ್ಲಾಗಿದೆ, ಮೈಯೆಲ್ಲಾ ಬೆಚ್ಚಗಿದೆ. ಎರಡು ದಿನ ಹೀಗೇ ಇರುತ್ತಂತೆ. ನಾಳೆ ಅಮ್ಮನಿಗೆ ಸ್ನಾನ ಮಾಡ್ಸೋಕೆ ಆಗಲ್ಲ. ಬೆಳಿಗ್ಗೆ ಬೇಗ ಎದ್ದು ನೀರು ನೀವು ಎತ್ತಿ ಕೊಡ್ಬೇಕು. ಬರ್ತಾ ಬ್ರೆಡ್ ತನ್ನಿ, ಅಡುಗೆ ಮಾಡಿಲ್ಲ.”

“ತರ್ತೀನಿ,” ಅಂದ ಡಿಗ್ರಿಯಣ್ಣ. ಫೋನು ಜೇಬಿಗೆ ಹಾಕಿ, ಬೆರಳು ಸೇರಿಹೋದ ಕೈಗವಸನ್ನು ಹಲ್ಲಲ್ಲಿ ಎಳೆದು ತೊಟ್ಟುಕೊಂಡು, ಭಾರದ ಬಾಗಿಲನ್ನು ಭುಜದಿಂದ ನೂಕಿ ಒಳಗೆ ಹೋದ. ತಿಂಗಳಲ್ಲಿ ಇನ್ನೂ ಇಪ್ಪತ್ತೊಂದು ದಿನ ಉಳಿದಿತ್ತು.